ಬಣ್ಣ ಮಾಯವಾದರೆ ಹೊಳೆ ತಿಳಿಯಾಯಿತೇ?

ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಒಂದು ಪ್ರಯೋಗದ ಸುತ್ತ ಜನ ನೆರೆಯುವುದುಂಟು. ಗಾಜಿನ ಬೀಕರಿನಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕದಡಿದ ನೀರು, ಅದಕ್ಕೊಂದು ಚಿಟಿಕೆ ಬಿಳಿಯ ಪುಡಿ, ಬಳಿಕ ಅಂಗಳದ ಬಿಸಿಲು. ಒಂದೆರಡು ಗಂಟೆಗಳಲ್ಲಿ ನೀಲಿ ತೆಳುವಾಗುತ್ತ ಬಂದು ಕೊನೆಗೆ ಕಾಣದಂತಾಗುತ್ತದೆ. ವಿದ್ಯುತ್ ಬೇಕಿಲ್ಲ, ಆಮ್ಲ ಸುರಿಯಬೇಕಿಲ್ಲ, ಬಿಸಿಲೇ ಕೆಲಸ ಮುಗಿಸಿತು ಎಂದಾಗ ನೋಡುವವರಿಗೆ ಬೆರಗಾಗುವುದು ಸಹಜ. ಪ್ರಯೋಗ ಸುಳ್ಳಲ್ಲ. ಅದರ ಹಿಂದೆ ಅರ್ಧ ಶತಮಾನದ ಗಟ್ಟಿಯಾದ ವಿಜ್ಞಾನವಿದೆ.

ಆದರೆ ಪ್ರದರ್ಶನದ ಮೇಜಿನಿಂದ ಹೊಳೆಯ ದಡಕ್ಕೆ ಬರುವಷ್ಟರಲ್ಲಿ ಈ ಪ್ರಯೋಗ ಒಂದು ವಾದವಾಗಿ ಮಾರ್ಪಡುತ್ತದೆ. ಬಣ್ಣದ ನೀರಿಗೆ ಈಗ ಬಿಸಿಲಿನ ಮದ್ದು ಸಿಕ್ಕಿದೆ, ಇನ್ನು ಕಾರ್ಖಾನೆ ಎಲ್ಲಿದ್ದರೇನು, ಹೊಳೆಯ ಮೇಲ್ದಂಡೆಯಲ್ಲಿದ್ದರೇನು ಎಂಬ ವಾದ ಅದು. ತಂತ್ರಜ್ಞಾನದ ಹೆಸರು ಹೇಳಿದ ಕೂಡಲೇ ಹಳ್ಳಿಯವರು ಬಾಯಿ ಮುಚ್ಚಬೇಕೆಂಬ ನಿರೀಕ್ಷೆ ಅದರ ಜೊತೆಗೇ ಬರುತ್ತದೆ. ಹಾಗಾಗಿ ಈ ಪುಡಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳಂತೆಯೇ ಹೊಳೆಯ ನೀರು ಕುಡಿಯುವ ಗ್ರಾಮಸ್ಥರೂ ತಿಳಿದಿರಬೇಕಾಗಿದೆ.

ಮೊದಲು ಬಣ್ಣದ ವಿಷಯ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ತರುಣ ರಸಾಯನ ವಿದ್ಯಾರ್ಥಿ ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ವಸ್ತುವೊಂದರಿಂದ ನೇರಳೆ ಬಣ್ಣವನ್ನು ತಯಾರಿಸಿದನು. ಅಲ್ಲಿಂದ ಮುಂದೆ ಬಟ್ಟೆಯ ಬಣ್ಣಗಳು ಗಿಡಮರಗಳ ಕೈಬಿಟ್ಟು ಕಾರ್ಖಾನೆಗೆ ಸೇರಿದವು. ಇಂದು ಬಳಕೆಯಲ್ಲಿರುವ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಜೋ ಬಣ್ಣಗಳು, ಅಂದರೆ ಎರಡು ಸಾರಜನಕ ಪರಮಾಣುಗಳ ಕೊಂಡಿಯನ್ನು ನಡುವೆ ಇಟ್ಟುಕೊಂಡು ಎರಡೂ ಬದಿಗೆ ಉಂಗುರಾಕಾರದ ಇಂಗಾಲದ ಸಂಯುಕ್ತಗಳನ್ನು ಹೊತ್ತವು. ಬಿಸಿಲಿಗೆ ಮಾಸಬಾರದು, ಸೋಪಿಗೆ ಬಿಡಬಾರದು, ಬೆವರಿಗೆ ಕರಗಬಾರದು ಎಂದೇ ಅವುಗಳನ್ನು ರೂಪಿಸಲಾಗಿದೆ. ಅಂಗಿಯ ಮೇಲೆ ಯಾವುದು ಗುಣವೋ ಹೊಳೆಯಲ್ಲಿ ಅದೇ ದೋಷ. ಮಣ್ಣಿನ ಹಾಗೂ ನೀರಿನ ಸೂಕ್ಷ್ಮಜೀವಿಗಳು ಇವನ್ನು ಸುಲಭವಾಗಿ ಅರಗಿಸಿಕೊಳ್ಳಲಾರವು. ಗಾಳಿಯಾಡದ ಕೆಸರಿನಲ್ಲಿ ಕೊಂಡಿ ಮುರಿದರೂ ಹೊರಬೀಳುವ ಆರೊಮ್ಯಾಟಿಕ್ ಅಮೈನುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಜರ್ಮನಿಯು 1994ರಲ್ಲಿ ಇಂಥ ಬಣ್ಣಗಳಿಗೆ ತಡೆಯೊಡ್ಡಿತು. ಭಾರತ ಸರ್ಕಾರ 1997ರಲ್ಲಿ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಉಳಿದವು ಬಳಕೆಯಲ್ಲಿವೆ.

ಹತ್ತಿಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಇನ್ನೊಂದು ತೊಡಕಿದೆ. ಹಾಕಿದ ಬಣ್ಣವೆಲ್ಲ ನೂಲಿಗೆ ಹಿಡಿಯುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತರಿಂದ ನಲವತ್ತು ಪಾಲು ತೊಳೆದ ನೀರಿನೊಂದಿಗೆ ಹೊರಹೋಗುತ್ತದೆ. ಹಿಡಿಯುವಷ್ಟನ್ನಾದರೂ ಹಿಡಿಸಬೇಕಾದರೆ ಬಣ್ಣದ ತೊಟ್ಟಿಗೆ ಉಪ್ಪು ಸುರಿಯಬೇಕು. ಗಾಢ ಬಣ್ಣಕ್ಕೆ ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಉಪ್ಪು. ಅಡುಗೆಯ ಉಪ್ಪೋ ಗ್ಲಾಬರ್ ಉಪ್ಪೋ, ಅದರಲ್ಲಿ ಒಂದು ಕಣವೂ ಬಟ್ಟೆಯಲ್ಲಿ ಉಳಿಯುವುದಿಲ್ಲ, ಅಷ್ಟೂ ನೀರಿಗೇ. ಈ ಉಪ್ಪನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಇನ್ನು ಬಿಳಿಯ ಪುಡಿ. ಅದು ಟೈಟೇನಿಯಂ ಡೈಆಕ್ಸೈಡ್, ಮನೆಗೆ ಬಳಿಯುವ ಬಿಳಿ ಬಣ್ಣದಲ್ಲಿ ಇರುವುದೇ. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ ಅವರು ಈ ವಸ್ತುವಿನ ಮೇಲೆ ನೇರಳಾತೀತ ಬೆಳಕು ಬಿದ್ದಾಗ ನೀರು ಜಲಜನಕ ಹಾಗೂ ಆಮ್ಲಜನಕಗಳಾಗಿ ಒಡೆಯುವುದನ್ನು ತೋರಿಸಿದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಇದೇ ಪುಡಿಯಿಂದ ನೀರಿನಲ್ಲಿನ ಸಯನೈಡನ್ನು ಒಡೆದರು. ನೀರಿನ ಶುದ್ಧೀಕರಣಕ್ಕೆ ಇದು ಒದಗಬಹುದೆಂಬ ಆಸೆ ಹುಟ್ಟಿದ್ದು ಆ ಹೊತ್ತಿನಲ್ಲಿ.

ಕ್ರಿಯೆ ನಡೆಯುವ ಬಗೆ ಹೀಗಿದೆ. ಈ ಪುಡಿ ಒಂದು ಅರೆವಾಹಕ. ಸಾಕಷ್ಟು ಶಕ್ತಿಯ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ನೆಗೆಯುತ್ತದೆ, ಅದು ಬಿಟ್ಟುಹೋದ ಜಾಗದಲ್ಲಿ ಒಂದು ಕುಳಿ ಉಳಿಯುತ್ತದೆ. ಮೇಲ್ಮೈಯಲ್ಲಿ ಆ ಕುಳಿಯು ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಉಗ್ರ ಕಣವನ್ನು ಹುಟ್ಟಿಸುತ್ತದೆ. ನೆಗೆದ ಎಲೆಕ್ಟ್ರಾನು ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಸೇರಿ ಇನ್ನೊಂದು ಚುರುಕು ಕಣವಾಗುತ್ತದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎದುರಿಗೆ ಸಿಕ್ಕ ಸಾವಯವ ಅಣುವನ್ನು ಬಿಡುವುದಿಲ್ಲ, ಅದರ ಆಯುಸ್ಸು ಕ್ಷಣದ ಕೋಟಿಯ ಭಾಗಗಳಷ್ಟಾದರೂ. ಕೊಂಡಿ ಮುರಿಯುತ್ತದೆ, ಉಂಗುರ ತೆರೆಯುತ್ತದೆ, ಕೆಲಸ ಪೂರ್ತಿಯಾದರೆ ಇಂಗಾಲದ ಡೈಆಕ್ಸೈಡು, ನೀರು, ಒಂದಿಷ್ಟು ಖನಿಜ ಲವಣ ಉಳಿಯುತ್ತವೆ. ಪುಡಿ ಮಾತ್ರ ಖರ್ಚಾಗದೆ ಹಾಗೇ ಇರುತ್ತದೆ. ಇದನ್ನೇ ದ್ಯುತಿವೇಗವರ್ಧನೆ ಎನ್ನುತ್ತಾರೆ.

ಇದರಲ್ಲಿ ಎರಡು ಕುಂದುಗಳಿವೆ. ಟೈಟೇನಿಯಂ ಡೈಆಕ್ಸೈಡಿನ ಅನಟೇಸ್ ರೂಪವು ಸುಮಾರು 387 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕನ್ನು ಮಾತ್ರ ಹೀರುತ್ತದೆ. ಭೂಮಿಗೆ ಬೀಳುವ ಬಿಸಿಲಿನಲ್ಲಿ ಅಂಥ ಬೆಳಕು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಎರಡನೆಯದು, ನೆಗೆದ ಎಲೆಕ್ಟ್ರಾನುಗಳಲ್ಲಿ ಬಹುಪಾಲು ಏನೂ ಕೆಲಸ ಮಾಡದೆ ಮರಳಿ ಕುಳಿಗೇ ಬಿದ್ದು ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತವೆ. ಸಂಯುಕ್ತ ವಸ್ತುಗಳ ಸಂಶೋಧನೆ ಹುಟ್ಟಿದ್ದು ಈ ಎರಡು ಕುಂದುಗಳನ್ನು ನೀಗಲಿಕ್ಕೆ. ಒಂದು ಅರೆವಾಹಕದ ಮೈಗೆ ಇನ್ನೊಂದನ್ನು ಅಂಟಿಸಿದರೆ, ಎರಡರ ಶಕ್ತಿಯ ಮಟ್ಟಗಳು ಹೊಂದುವಂತಿದ್ದರೆ, ಎಲೆಕ್ಟ್ರಾನು ಒಂದರಿಂದ ಇನ್ನೊಂದಕ್ಕೆ ಇಳಿದುಹೋಗುತ್ತದೆ, ಕುಳಿ ವಿರುದ್ಧ ದಿಕ್ಕಿಗೆ ಸಾಗುತ್ತದೆ. ಇಳಿಜಾರಿನ ಗದ್ದೆಗಳನ್ನು ಸಾಗುವಳಿ ಮಾಡಿದವರಿಗೆ ಇದು ಕಷ್ಟದ ಮಾತಲ್ಲ: ಅಂಚಿನ ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿದ ನೀರು ತಾನಾಗಿ ಮೇಲಿನ ಗದ್ದೆಗೆ ಹತ್ತುವುದಿಲ್ಲ. ಹೀಗೆ ಬೇರ್ಪಟ್ಟ ಎಲೆಕ್ಟ್ರಾನು ಮತ್ತು ಕುಳಿಗಳಿಗೆ ಕೆಲಸ ಮಾಡಲು ಬಿಡುವು ದೊರೆಯುತ್ತದೆ. ಜೊತೆಗೆ ಸೇರಿಸಿದ ವಸ್ತು ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವಂಥದಾದರೆ ಬಿಸಿಲಿನ ಹೆಚ್ಚು ಪಾಲು ಉಪಯೋಗಕ್ಕೆ ಬರುತ್ತದೆ. ಯೂರಿಯಾ ಅಥವಾ ಮೆಲಮೈನನ್ನು ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಪಡೆಯುವ ಹಳದಿ ಬಣ್ಣದ ಕಾರ್ಬನ್ ನೈಟ್ರೈಡ್ ಅಂಥದೊಂದು. ಅದು 460 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಹೀರಬಲ್ಲದು. ಸತುವಿನ ಆಕ್ಸೈಡು, ಬಿಸ್ಮತ್ ವೆನಡೇಟ್, ಗ್ರಾಫೀನ್, ಬೆಳ್ಳಿಯ ಕಣ, ತೆಂಗಿನ ಚಿಪ್ಪಿನ ಇದ್ದಿಲು, ಜೇಡಿಮಣ್ಣು ಹೀಗೆ ಜೋಡಿಗಳ ಪಟ್ಟಿ ದೊಡ್ಡದಾಗುತ್ತಲೇ ಇದೆ.

ಕನ್ನಡ ನೆಲದ ಪಾಲೂ ಇದರಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು 1980ರ ದಶಕದಲ್ಲಿ ಬೆಳೆಸಿದ ದಹನ ವಿಧಾನವು, ಲೋಹದ ನೈಟ್ರೇಟನ್ನು ಇಂಧನವೊಂದರ ಜೊತೆ ಕಾಯಿಸಿ ನಿಮಿಷಗಳಲ್ಲಿ ನವಿರಾದ ಆಕ್ಸೈಡ್ ಪುಡಿಯನ್ನು ಕೊಡುತ್ತದೆ. ಅದೇ ಸಂಸ್ಥೆಯ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ಈ ವಿಧಾನದಿಂದ ಮಾಡಿದ ಟೈಟೇನಿಯಂ ಡೈಆಕ್ಸೈಡು ಬಿಸಿಲಿನಲ್ಲಿ ಹಲವು ಬಣ್ಣಗಳನ್ನು ಮಾರುಕಟ್ಟೆಯ ಪುಡಿಗಿಂತ ಬೇಗ ಒಡೆಯುವುದೆಂದು 2004ರಲ್ಲಿ ಪ್ರಕಟಿಸಿದರು. ಸಾಧಾರಣ ಸಲಕರಣೆಗಳಿಂದ ಮಾಡಬಹುದಾದ ವಿಧಾನವಾದ್ದರಿಂದ ನಾಡಿನ ಅನೇಕ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಿಗೆ ಅದು ಹಬ್ಬಿತು. ಈಗ ಯಾವುದೋ ಎಲೆಯ ರಸವನ್ನು ಇಂಧನವಾಗಿ ಬಳಸಿ, ಪುಡಿ ಮಾಡಿ, ಮಿಥಿಲೀನ್ ಬ್ಲೂ ಮೇಲೆ ಪರೀಕ್ಷಿಸಿ, ನೂರಕ್ಕೆ ತೊಂಬತ್ತೈದು ಪಾಲು ಬಣ್ಣ ಹೋಯಿತೆಂದು ಬರೆಯುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಎಲೆಯ ಹೆಸರೊಂದು ಬದಲಾದರೆ ಹೊಸ ಪ್ರಬಂಧವಾಗುವ ಸ್ಥಿತಿ ಬಂದಿರುವುದು ವಿಜ್ಞಾನಕ್ಕೆ ಶೋಭೆಯಲ್ಲ.

ಬಣ್ಣ ಹೋಯಿತೆಂಬ ಮಾತಿನಲ್ಲೇ ಮೊದಲ ಮೋಸವಿದೆ. ನೀಲಿ ಕಾಣದಂತಾಗಲು ಅಣುವಿನಲ್ಲಿ ಬೆಳಕು ಹೀರುವ ಒಂದು ಭಾಗ ಮುರಿದರೆ ಸಾಕು. ಉಳಿದ ತುಂಡುಗಳು ಬಣ್ಣವಿಲ್ಲದೆ ನೀರಿನಲ್ಲೇ ಇರುತ್ತವೆ, ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಹೆಚ್ಚು ವಿಷಕಾರಿಯಾಗಿರಲೂಬಹುದು. ಮಿಥಿಲೀನ್ ಬ್ಲೂ ಅಂತೂ ಇನ್ನೂ ಜಾಣ. ಆಮ್ಲಜನಕ ಕಡಿಮೆಯಾದಾಗ ಎಲೆಕ್ಟ್ರಾನನ್ನು ಪಡೆದು ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ, ಗಾಳಿಗೆ ಕುಲುಕಿದರೆ ಮತ್ತೆ ನೀಲಿಯಾಗುತ್ತದೆ. ಕೆಲವು ಪುಡಿಗಳು ಬಣ್ಣವನ್ನು ಒಡೆಯದೆ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ನೀರು ತಿಳಿಯಾಗುತ್ತದೆ, ಬಣ್ಣ ಪುಡಿಯ ಮೇಲೆ ಕುಳಿತಿರುತ್ತದೆ. ಅಲ್ಲದೆ ಈ ಬಣ್ಣ 664 ನ್ಯಾನೋಮೀಟರ್ ಸುಮಾರಿನ ಕೆಂಪು ಬೆಳಕನ್ನು ತಾನೇ ಹೀರಿ, ಎಲೆಕ್ಟ್ರಾನನ್ನು ಪುಡಿಗೆ ಕೊಟ್ಟು, ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ಆದ್ದರಿಂದ ಪುಡಿಯು ಕಾಣುವ ಬೆಳಕಿನಲ್ಲಿ ಕೆಲಸ ಮಾಡುತ್ತದೆಂದು ಸಾಧಿಸಲು ಈ ಬಣ್ಣವೊಂದನ್ನೇ ಸಾಕ್ಷಿಯಾಗಿ ಹಿಡಿಯಲಾಗದು.

ಪ್ರಾಜೆಕ್ಟ್ ಕೈಗೊಳ್ಳುವ ವಿದ್ಯಾರ್ಥಿಗಳು ಇಷ್ಟನ್ನಾದರೂ ಮಾಡಬೇಕು. ಪುಡಿ ಹಾಕಿದ ನೀರನ್ನು ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿ, ಎಷ್ಟು ಬಣ್ಣ ಅಂಟಿಯೇ ಹೋಯಿತೆಂದು ಅಳೆಯಬೇಕು. ಪುಡಿಯಿಲ್ಲದ ಬಣ್ಣದ ನೀರನ್ನೂ ಅದೇ ಬಿಸಿಲಿಗಿಡಬೇಕು. ಬಣ್ಣವಿಲ್ಲದ ಬೇರೊಂದು ಮಾಲಿನ್ಯ, ಉದಾಹರಣೆಗೆ ಫೀನಾಲ್, ಅದರ ಮೇಲೂ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನೀರಿನ ಒಟ್ಟು ಸಾವಯವ ಇಂಗಾಲವನ್ನು, ಆ ಸಲಕರಣೆ ಇಲ್ಲದಿದ್ದರೆ ರಾಸಾಯನಿಕ ಆಮ್ಲಜನಕ ಬೇಡಿಕೆಯನ್ನಾದರೂ, ಮೊದಲು ಮತ್ತು ನಂತರ ಅಳೆಯಬೇಕು. ಬಣ್ಣ ನೂರಕ್ಕೆ ತೊಂಬತ್ತೈದು ಇಳಿದು ಇಂಗಾಲ ಮೂವತ್ತೇ ಇಳಿದಿದ್ದರೆ ಆ ನೀರು ಶುದ್ಧವಾಗಿಲ್ಲ, ವೇಷ ಬದಲಿಸಿದೆ ಅಷ್ಟೇ. ಮತ್ತೊಂದು ಅಂಶವೆಂದರೆ ಪ್ರಯೋಗಾಲಯದ ನೀರು ಭಟ್ಟಿ ಇಳಿಸಿದ ನೀರು. ಕಾರ್ಖಾನೆಯ ನೀರಿನಲ್ಲಿರುವ ಬೈಕಾರ್ಬೊನೇಟ್, ಕ್ಲೋರೈಡು, ಪಿಷ್ಟ, ಸೋಪು ಇವೆಲ್ಲ ಆ ಉಗ್ರ ಕಣವನ್ನು ಬಣ್ಣ ತಲುಪುವ ಮುಂಚೆಯೇ ನುಂಗಿಬಿಡುತ್ತವೆ. ಕದಡಿದ ನೀರಿನೊಳಗೆ ಬೆಳಕೂ ಇಳಿಯುವುದಿಲ್ಲ.

ಪ್ರಮಾಣದ ಲೆಕ್ಕ ಇನ್ನೂ ಸರಳ. ಒಂದು ಘಟಕ ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಹೊರಬಿಡುತ್ತದೆಂದುಕೊಳ್ಳೋಣ. ಬಣ್ಣದ ಉದ್ಯಮದಲ್ಲಿ ಇದು ಸಣ್ಣ ಘಟಕವೇ. ಬೆಳಕು ತಳದವರೆಗೆ ಹೋಗಲೆಂದು ಹತ್ತು ಸೆಂಟಿಮೀಟರ್ ಆಳದಲ್ಲಿ ಹರಡಿದರೆ ಒಂದು ದಿನದ ನೀರಿಗೆ ಒಂದು ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ಬಯಲು ಬೇಕು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಹಾಕುವಂತೆ ಲೀಟರಿಗೆ ಒಂದು ಗ್ರಾಂ ಪುಡಿ ಎಂದರೆ ನೂರು ಕಿಲೋ. ಅದನ್ನು ಮರಳಿ ಸೋಸಿ ತೆಗೆಯುವಾಗ ನೂರಕ್ಕೆ ಒಂದು ಪಾಲು ತಪ್ಪಿಹೋದರೂ ದಿನಕ್ಕೊಂದು ಕಿಲೋ ನವಿರು ಪುಡಿ ಹೊಳೆಗೆ. ಇನ್ನು ಆಗುಂಬೆಯ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಕಾರ್ಖಾನೆ ನಡೆಸುವವರು ಮಳೆರಾಯನ ಒಪ್ಪಿಗೆಯನ್ನೂ ಪಡೆಯಬೇಕಾಗುತ್ತದೆ.

ಇಷ್ಟೆಲ್ಲ ಅಡೆತಡೆಗಳನ್ನು ವಿಜ್ಞಾನ ಒಂದು ದಿನ ದಾಟಿತೆಂದೇ ಇಟ್ಟುಕೊಂಡರೂ ಉಪ್ಪು ಉಳಿಯುತ್ತದೆ. ಬಣ್ಣದ ಅಣುವನ್ನು ಒಡೆಯಬಹುದು, ಸೋಡಿಯಂ ಒಂದು ಮೂಲವಸ್ತು. ಅದನ್ನು ಯಾವ ಬೆಳಕೂ, ಯಾವ ಸಂಯುಕ್ತ ಪುಡಿಯೂ ಒಡೆಯಲಾರದು. ಈ ಒಂದು ಸಂಗತಿಯ ಅರ್ಥವನ್ನು ನೊಯ್ಯಲ್ ನದಿ ತಿಳಿಸಿಕೊಟ್ಟಿದೆ.

ನೊಯ್ಯಲ್ ಹುಟ್ಟುವುದು ಪಶ್ಚಿಮ ಘಟ್ಟದಲ್ಲೇ, ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ. ತಿರುಪ್ಪೂರನ್ನು ಹಾಯ್ದು ಅದು ಕಾವೇರಿಯನ್ನು ಸೇರುತ್ತದೆ. ತಲಕಾವೇರಿಯಿಂದ ಹೊರಟ ನೀರೂ ವೆಳ್ಳಿಯಂಗಿರಿಯ ನೀರೂ ಕೊನೆಗೆ ಕೂಡುವುದು ಅಲ್ಲಿ. ತಿರುಪ್ಪೂರಿನ ಹೆಣಿಗೆ ಬಟ್ಟೆಯ ರಫ್ತು ಬೆಳೆದಂತೆ ಬಣ್ಣ ಮತ್ತು ಬ್ಲೀಚಿಂಗ್ ಘಟಕಗಳು ನೂರುಗಟ್ಟಲೆ ಹೆಚ್ಚಿದವು. ಕೆಳಭಾಗದ ರೈತರ ನೀರಾವರಿಗೆಂದು ಕಟ್ಟಿದ ಒರತುಪಾಳ್ಯಂ ಅಣೆಕಟ್ಟು 1990ರ ದಶಕದಲ್ಲಿ ಬಣ್ಣದ ನೀರಿನ ಕೆರೆಯಾಯಿತು. ನೀರು ಬಿಡಿ ಎಂದು ಕೇಳಬೇಕಾದ ರೈತರು ಈ ನೀರು ಬೇಡ ಎಂದು ಹೇಳುವಂತಾಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಸರ್ವೋಚ್ಚ ನ್ಯಾಯಾಲಯವು 2009ರ ಅಕ್ಟೋಬರ್‌ನಲ್ಲಿ ಮಾಲಿನ್ಯ ಮಾಡಿದವರೇ ಬೆಲೆ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿ ವಿದ್ಯುತ್ ಕಡಿತಗೊಳಿಸಲು ಆದೇಶಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ನಿಂತವು, ಸಾವಿರಾರು ಕೂಲಿಗಳ ಕೆಲಸ ಹೋಯಿತು. ಹನಿ ನೀರನ್ನೂ ಹೊರಬಿಡದ ವ್ಯವಸ್ಥೆಯನ್ನು ತೋರಿಸಿದ ಮೇಲಷ್ಟೇ ಅವು ಒಂದೊಂದಾಗಿ ತೆರೆದವು.

ಆ ರೈತರ ಹೊಲಗಳನ್ನು ಕೆಡಿಸಿದ್ದರಲ್ಲಿ ಕಣ್ಣಿಗೆ ಕಂಡ ಬಣ್ಣಕ್ಕಿಂತ ಕಾಣದ ಉಪ್ಪಿನ ಪಾಲು ದೊಡ್ಡದು. ಸೋಡಿಯಂ ತುಂಬಿದ ನೀರನ್ನು ಮತ್ತೆ ಮತ್ತೆ ಹಾಯಿಸಿದಾಗ ಅದು ಜೇಡಿಯ ಕಣಗಳ ಮೇಲೆ ಕುಳಿತಿದ್ದ ಸುಣ್ಣದ ಅಂಶವನ್ನು ತಳ್ಳಿ ತಾನು ಕೂರುತ್ತದೆ. ಕ್ಯಾಲ್ಸಿಯಂ ಇದ್ದಾಗ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದು ಹರಳುಹರಳಾಗಿ ನಿಲ್ಲುತ್ತವೆ, ನಡುವೆ ಗಾಳಿ ನೀರು ಆಡುತ್ತವೆ. ಸೋಡಿಯಂ ಬಂದರೆ ಆ ಹಿಡಿತ ಸಡಿಲಿ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಒದ್ದೆಯಾದಾಗ ಅಂಟು ರಾಡಿ, ಒಣಗಿದಾಗ ಕಲ್ಲು. ಬೇರಿಗೆ ನೀರು ಪಕ್ಕದಲ್ಲೇ ಇದ್ದರೂ ಉಪ್ಪಿನ ಒತ್ತಡದಿಂದ ಅದನ್ನು ಎಳೆದುಕೊಳ್ಳಲಾಗದು. ಬತ್ತದಂಥ ಬೆಳೆ ಒಂದು ಮಿತಿಯವರೆಗೆ ತಡೆದುಕೊಳ್ಳುತ್ತದೆ, ಹುರುಳಿಕಾಯಿಯಂಥದು ಅದರ ಮೂರನೇ ಒಂದು ಭಾಗವನ್ನೂ ತಾಳದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಚೌಳು ಹಿಡಿದ ಗದ್ದೆಗಳನ್ನು ಕಂಡವರಿಗೆ ಈ ರೋಗದ ಗುರುತು ಇದೆ, ಅಲ್ಲಿಯ ಕಾರಣ ಬೇರೆಯಾದರೂ. ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ತೊಳೆದು, ಬಸಿಗಾಲುವೆ ತೆಗೆದು ನೆಲವನ್ನು ಸರಿಪಡಿಸಬಹುದು. ಆದರೆ ತೊಳೆಯಲು ಒಳ್ಳೆಯ ನೀರನ್ನು ನೊಯ್ಯಲಿನ ರೈತರು ಎಲ್ಲಿಂದ ತರಬೇಕಿತ್ತು?

ಒಳನಾಡಿನ ಹೊಳೆಗೆ ಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2100 ಮಿಲಿಗ್ರಾಂ ಮೀರಬಾರದೆಂಬುದು ತಿರುಪ್ಪೂರಿನ ಘಟಕಗಳಿಗೆ ವಿಧಿಸಿದ್ದ ಮಿತಿ. ಅದನ್ನು ಪಾಲಿಸಲು ಅಂತಿಮವಾಗಿ ನೆರವಾದದ್ದು ಬೆಳಕಲ್ಲ, ಒತ್ತಡದಿಂದ ನೀರನ್ನು ಪೊರೆಯ ಮೂಲಕ ಹಾಯಿಸುವ ಯಂತ್ರಗಳು ಮತ್ತು ಉಳಿದ ಉಪ್ಪುನೀರನ್ನು ಕುದಿಸಿ ಇಂಗಿಸುವ ಬಾಯ್ಲರುಗಳು. ಅವುಗಳಿಗೆ ಅಪಾರ ಇಂಧನ ಬೇಕು. ಕೊನೆಗೆ ಉಳಿಯುವ ಮಿಶ್ರ ಉಪ್ಪನ್ನು ಎಲ್ಲಿಡುವುದೆಂಬ ಪ್ರಶ್ನೆ ಈಗ ಚೀಲಗಳ ರಾಶಿಯಾಗಿ ಎದುರು ನಿಂತಿದೆ. ಉಪ್ಪುನೀರನ್ನೇ ಮರಳಿ ಬಣ್ಣದ ತೊಟ್ಟಿಗೆ ಬಳಸುವ ಕ್ರಮವು ಕೆಲವೆಡೆ ಬಂದಿರುವುದು ಒಳ್ಳೆಯ ಸೂಚನೆ.

ಬಿಳಿಯ ಪುಡಿ ಆಕಾಶದಿಂದ ಉದುರುವುದಿಲ್ಲ ಎಂಬುದನ್ನೂ ಮರೆಯಬಾರದು. ಟೈಟೇನಿಯಂ ಸಿಗುವುದು ಇಲ್ಮನೈಟ್ ಎಂಬ ಕರಿಮರಳಿನಲ್ಲಿ. ಘಟ್ಟದ ಬಂಡೆಗಳು ಯುಗಯುಗಗಳಿಂದ ಸವೆದು, ಹೊಳೆಗಳಲ್ಲಿ ಇಳಿದು, ಕೇರಳದ ಕೊಲ್ಲಂ ಜಿಲ್ಲೆಯ ಚವರಾ ಕರಾವಳಿಯಲ್ಲಿ ಅಲೆಗಳಿಂದ ಸೋಸಲ್ಪಟ್ಟ ಮರಳು ಅದು. ಅದೇ ಕರಾವಳಿಯ ಆಲಪ್ಪಾಡ್ ಎಂಬ ಮೀನುಗಾರರ ಹಳ್ಳಿಯವರು ಮರಳು ಗಣಿಯಿಂದ ತಮ್ಮ ನೆಲ ಕಡಲಿಗೆ ಹೋಗುತ್ತಿದೆಯೆಂದು 2018ರ ಕೊನೆಯಲ್ಲಿ ಸರದಿ ಸತ್ಯಾಗ್ರಹಕ್ಕೆ ಕುಳಿತರು. ಹೊಳೆಯನ್ನು ಉಳಿಸುವ ಪುಡಿ ಇನ್ನೊಂದು ಊರನ್ನು ಕರಗಿಸಿ ಬಂದಿರಬಹುದು. ಪುಡಿಯ ಸುರಕ್ಷತೆಯ ಮಾತೂ ಪೂರ್ತಿ ತೀರ್ಮಾನವಾಗಿಲ್ಲ; ಆಹಾರಕ್ಕೆ ಬಿಳುಪು ಕೊಡಲು ಟೈಟೇನಿಯಂ ಡೈಆಕ್ಸೈಡ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2022ರಲ್ಲಿ ನಿಷೇಧಿಸಿದೆ. ಕ್ಯಾಡ್ಮಿಯಂ ಸಲ್ಫೈಡ್ ಸೇರಿಸಿದ ಸಂಯುಕ್ತಗಳ ವಿಷಯದಲ್ಲಿ ಅನುಮಾನಕ್ಕೇ ಎಡೆಯಿಲ್ಲ. ಬೆಳಕಿಗೆ ಅದು ತಾನೇ ಸವೆದು ಕ್ಯಾಡ್ಮಿಯಂ ಬಿಡುತ್ತದೆ. ಬಣ್ಣ ತೆಗೆಯಲು ಹೋಗಿ ಹೊಳೆಗೆ ಕ್ಯಾಡ್ಮಿಯಂ ಕೊಡುವುದು ಇಲಿ ಹಿಡಿಯಲು ಮನೆಗೆ ಹಾವು ಬಿಟ್ಟಂತೆ.

ಹಾಗೆಂದು ಈ ವಿಜ್ಞಾನವನ್ನು ತಳ್ಳಿಹಾಕುವುದು ಸರಿಯಲ್ಲ. ಸೂಕ್ಷ್ಮಜೀವಿಗಳಿಂದ ಸಂಸ್ಕರಿಸಿದ ಬಳಿಕವೂ ಉಳಿಯುವ ಹಠಮಾರಿ ಸಾವಯವ ಅಂಶವನ್ನು, ಕೀಟನಾಶಕದ ಶೇಷವನ್ನು, ಔಷಧಗಳ ಕಣಗಳನ್ನು ಕಡಿಮೆ ಪ್ರಮಾಣದಲ್ಲಿ ಒಡೆಯಲು ಇದು ತಕ್ಕ ವಿಧಾನ. ಸ್ಪೇನಿನ ಆಲ್ಮೇರಿಯಾದ ಸೌರ ಕೇಂದ್ರದಲ್ಲಿ ದಶಕಗಳಿಂದ ಬಿಸಿಲನ್ನು ಬಾಗಿದ ಕನ್ನಡಿಗಳಿಂದ ಕೊಳವೆಗಳಿಗೆ ಹಾಯಿಸಿ ಇಂಥ ಪ್ರಯೋಗಗಳು ನಡೆದಿವೆ. ಪುಡಿಯನ್ನು ನೀರಿಗೆ ಕದಡದೆ ಗಾಜು, ಹೆಂಚು, ಮಣಿಗಳ ಮೇಲೆ ಗಟ್ಟಿಯಾಗಿ ಕೂರಿಸುವ, ಅಥವಾ ಕಬ್ಬಿಣದ ಫೆರೈಟ್ ಜೊತೆ ಸೇರಿಸಿ ಅಯಸ್ಕಾಂತದಿಂದ ಮರಳಿ ಹಿಡಿಯುವ ಸಂಶೋಧನೆ ಸರಿಯಾದ ದಾರಿಯಲ್ಲಿದೆ. ಅದು ಕೊನೆಯ ಹಂತದ ಒಂದು ಉಪಕರಣ. ಅದನ್ನು ಕಾರ್ಖಾನೆಯ ಜಾಗ ನಿರ್ಧರಿಸುವ ಪರವಾನಗಿಯಂತೆ ಬಳಸುವುದಕ್ಕೆ ಮಾತ್ರ ಆಕ್ಷೇಪ.

ಬಣ್ಣದ ನೀರು ಬಯಲುಸೀಮೆಯ ನಗರಗಳ ಪಾಡು ಮಾತ್ರವೆಂದು ಮಲೆನಾಡಿನವರು ನಿಶ್ಚಿಂತೆಯಿಂದ ಇರುವಂತಿಲ್ಲ. ಕೆಂಪಡಿಕೆ ಬೇಯಿಸುವ ಕಾಲದಲ್ಲಿ ಅಂಗಳದಿಂದ ಹಳ್ಳಕ್ಕೆ ಚೆಲ್ಲುವ ಚೊಗರು, ಕೊಡಗು ಚಿಕ್ಕಮಗಳೂರುಗಳಲ್ಲಿ ಕಾಫಿ ಹಣ್ಣಿನ ಪಲ್ಪಿಂಗ್‌ನಿಂದ ಬರುವ ಹುಳಿನೀರು, ಇವೂ ಹೊಳೆಯ ಬಣ್ಣ ಕೆಡಿಸುತ್ತವೆ. ಅವು ಗಿಡದಿಂದ ಬಂದವು, ಆದ್ದರಿಂದ ನಿರಪಾಯ ಎಂಬುದು ತಪ್ಪು ತಿಳಿವಳಿಕೆ. ಪಲ್ಪಿಂಗ್ ನೀರಿನ ಸಕ್ಕರೆ ಕೊಳೆಯುವಾಗ ಹಳ್ಳದ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಉಸಿರುಗಟ್ಟಿಸುತ್ತದೆ. ಇಂಥ ದಪ್ಪ ನೀರಿಗೆ ಬೆಳಕಿನ ಪುಡಿ ಹಾಕುವುದು ಹಣ ಹಾಳು. ನೀರು ಕಡಿಮೆ ಬಳಸುವ ಪಲ್ಪರ್, ಗೋಬರ್ ಗ್ಯಾಸಿನ ಮಾದರಿಯ ಮುಚ್ಚಿದ ಗುಂಡಿ, ಇಷ್ಟರಿಂದಲೇ ಹೆಚ್ಚಿನ ಹೊರೆ ಇಳಿಯುತ್ತದೆ, ಮೇಲಾಗಿ ಒಲೆಗೆ ಅನಿಲವೂ ಸಿಗುತ್ತದೆ. ಚೊಗರಂತೂ ಎಸೆಯಬೇಕಾದ ವಸ್ತುವೇ ಅಲ್ಲ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಮಹಿಳೆಯರು ಅದರಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಿ ತೋರಿಸಿದ್ದಾರೆ. ಆದರೆ ಅಲ್ಲಿಯೂ ಬಣ್ಣ ಹಿಡಿಸಲು ಬಳಸುವ ಕಟ್ಟು ಯಾವುದೆಂಬುದು ಮುಖ್ಯ. ಪಟಿಕ ಆದರೆ ಚಿಂತೆಯಿಲ್ಲ. ಮೈಲುತುತ್ತವಾದರೆ, ಕೊಳೆರೋಗದ ಔಷಧಿಯಾಗಿ ತೋಟಗಳಿಗೆ ಈಗಾಗಲೇ ಸಾಕಷ್ಟು ತಾಮ್ರ ಬೀಳುತ್ತಿದೆ.

ಹೊಳೆಯ ದಡದಲ್ಲಿ ಬಣ್ಣ ಬಳಸುವ ಘಟಕವೊಂದು ಬರುವ ಸುದ್ದಿ ಹುಟ್ಟಿದಾಗ ಗ್ರಾಮಸ್ಥರು ಕೇಳಬೇಕಾದದ್ದು ಯಾವ ಪುಡಿ ಹಾಕುತ್ತೀರಿ ಎಂದಲ್ಲ. ದಿನಕ್ಕೆ ಎಷ್ಟು ಕಿಲೋ ಉಪ್ಪು ಒಳಗೆ ಬರುತ್ತದೆ, ಅದು ಯಾವ ರೂಪದಲ್ಲಿ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಮಳೆಗಾಲದಲ್ಲಿ ಏನು ಮಾಡುತ್ತೀರಿ? ಒಟ್ಟು ಸಾವಯವ ಇಂಗಾಲದ ಲೆಕ್ಕವನ್ನು ತಿಂಗಳಿಗೊಮ್ಮೆ ಪಂಚಾಯತಿಯ ಗೋಡೆಗೆ ಅಂಟಿಸುತ್ತೀರಾ? 1974ರ ಜಲ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇಲ್ಲದೆ ಯಾರೂ ಹೊಳೆಗೆ ತ್ಯಾಜ್ಯ ಬಿಡುವಂತಿಲ್ಲ. ಆ ಸಮ್ಮತಿಪತ್ರದಲ್ಲಿ ಏನೇನು ಷರತ್ತುಗಳಿವೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು.

ಕೇಳುವವರ ಕೈಯಲ್ಲಿ ತಮ್ಮದೇ ಆದ ಅಂಕಿಗಳಿದ್ದರೆ ಮಾತಿಗೆ ತೂಕ ಬರುತ್ತದೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುವ, ಜೇಬಿನಲ್ಲಿ ಹಿಡಿಸುವ ಮಾಪಕವನ್ನು ಒಂದು ಕಾಲೇಜು ಸುಲಭವಾಗಿ ಕೊಳ್ಳಬಹುದು. ಲವಣ ಹೆಚ್ಚಿದಷ್ಟೂ ವಾಹಕತೆ ಹೆಚ್ಚು. ಘಟ್ಟದ ನಿರ್ಮಲ ಹಳ್ಳಗಳಲ್ಲಿ ಅದು ಸಾಮಾನ್ಯವಾಗಿ ಸೆಂಟಿಮೀಟರಿಗೆ ನೂರು ಮೈಕ್ರೋಸೀಮೆನ್ಸ್‌ಗಿಂತ ಕೆಳಗೇ ಇರುತ್ತದೆ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್‌ನಲ್ಲಿ, ಚೊಗರು ಮತ್ತು ಪಲ್ಪಿಂಗ್‌ನ ಕಾಲವಾದ ಡಿಸೆಂಬರ್ ಜನವರಿಯಲ್ಲಿ, ಹಳ್ಳ ಬಡವಾಗುವ ಏಪ್ರಿಲ್‌ನಲ್ಲಿ, ಒಂದೇ ಕಲ್ಲಿನ ಬಳಿ, ಒಂದೇ ಹೊತ್ತಿನಲ್ಲಿ ಅಳೆದು ದಿನಾಂಕ ಸಹಿತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ವಿದ್ಯಾರ್ಥಿಗಳು ತೇರ್ಗಡೆಯಾಗಿ ಹೋದ ಮೇಲೆ ಆ ಪುಸ್ತಕ ಊರಿನ ಶಾಲೆಯಲ್ಲೋ ಪಂಚಾಯತಿಯಲ್ಲೋ ಉಳಿಯಬೇಕು.